ನಮ್ಮವರು ಅತ್ತದ್ದು ನನಗಲ್ಲ

ಹೊಟ್ಟೆಕಿಚ್ಚು ಪಡುವುದಕ್ಕೂ ಒಂದು ಘನತೆ ಬೇಕು. ಪಕ್ಕದ ಮನೆಯವಳ ಹೊಸ ಸೀರೆಯ ಮೇಲೋ, ಜೊತೆಯ ಟೀಚರಿಗೆ ಮನೆ ಹತ್ತಿರವೇ ವರ್ಗವಾದದ್ದರ ಮೇಲೋ ಕಿಚ್ಚುಪಟ್ಟರೆ ನಾಲ್ಕು ಜನರ ಮುಂದೆ ಹೇಳಿಕೊಳ್ಳಬಹುದು. ನಾನು ಹೊಟ್ಟೆ ಉರಿದುಕೊಂಡದ್ದು ಒಬ್ಬ ಒಕ್ಕಣ್ಣ ಮುದುಕನನ್ನು ಕಂಡು. ಅವನಿರುವುದು ಜಪಾನಿನ ಕಾರ್ಟೂನಿನಲ್ಲಿ.

ನಮ್ಮ ಮನೆ ಇಳಕಲ್ಲಿನಲ್ಲಿ. ನಾನು ಹುನಗುಂದದ ಹೈಸ್ಕೂಲಿನಲ್ಲಿ ಟೀಚರು. ನಮ್ಮವರು ರಾಮಥಾಳದ ಕಡೆ ನೀರಾವರಿ ಪಂಪ್‌ಹೌಸಿನಲ್ಲಿ ಎಂಜಿನಿಯರು. ಊರ ಹೊಲಕ್ಕೆಲ್ಲ ನೀರು ಹತ್ತಿಸುವ ಈ ಮನುಷ್ಯನ ಕಣ್ಣಲ್ಲಿ ಹದಿನೆಂಟು ವರ್ಷದಲ್ಲಿ ನಾನು ನೀರು ಕಂಡದ್ದು ಉಳ್ಳಾಗಡ್ಡಿ ಹೆಚ್ಚುವಾಗ ಮಾತ್ರ. ಅದೂ ಹೆಚ್ಚುತ್ತಿದ್ದವಳು ನಾನು. ಹೋದ ವರ್ಷ ಬಾಗಲಕೋಟೆಯ ದವಾಖಾನೆಯಲ್ಲಿ ನನಗೆ ಪಿತ್ತಕೋಶದ ಆಪರೇಷನ್ ಆಯಿತು. ಒಳಗೆ ಒಯ್ಯುವಾಗ ಸ್ಟ್ರೆಚರಿನ ಮೇಲಿಂದ ಬಳೆಗೈ ಚಾಚಿದೆ. "ಬಳಿ ತಗದು ಕೊಡು, ಒಳಗ ಹಾಕ್ಕೊಂಡು ಹೋಗಂಗಿಲ್ಲಂತ" ಎಂದರು. ಅಷ್ಟೇ.

ಅಂಥವರು ಹೋದ ತಿಂಗಳು ಒಂದು ರವಿವಾರ ಮುಂಜಾನೆ, ಒಂಬತ್ತನೇ ಇಯತ್ತೆಯ ಮಗಳು ಶ್ರುತಿಯ ಪಕ್ಕ ಟಿವಿಯ ಮುಂದೆ ಕೂತು, ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕುತ್ತಿದ್ದರು. ನಾನು ಹಿಟ್ಟಿನ ಕೈಯಲ್ಲೇ ಓಡಿಬಂದೆ.

"ಯಾರ್ರಿ? ಯಾರು ಹೋದ್ರು?"

"ದೀಪದಜ್ಜ" ಎಂದಳು ಶ್ರುತಿ, ತಾನೂ ಮೂಗು ಒರೆಸಿಕೊಳ್ಳುತ್ತ.

ಕಾಣೆಯಾದ ಊರೊಂದನ್ನು ಹುಡುಕುತ್ತ ಆರು ಮಂದಿ ಬೆಟ್ಟ ದಾಟುವ ಕಥೆಯಂತೆ. ನಾನೂರು ಕಂತು ಮುಗಿದರೂ ಊರು ಸಿಕ್ಕಿಲ್ಲ. ಎಲ್ಲರ ಮುಂದೆ ದೀಪ ಹಿಡಿದು ನಡೆಯುತ್ತಿದ್ದ ಮುದುಕ ಅವತ್ತು, ಉಳಿದವರು ದಾಟಲಿ ಎಂದು ಕಡಿದುಹೋಗುತ್ತಿದ್ದ ಹಗ್ಗದ ಸೇತುವೆಯನ್ನು ಹಿಡಿದು ನಿಂತು, ಆಚೆಯೇ ಉಳಿದು ಜೀವ ಬಿಟ್ಟಿದ್ದ. ಮಾತು ಜಪಾನಿನದು, ಕೆಳಗೆ ಬರುವ ಅಕ್ಷರ ಇಂಗ್ಲಿಷಿನದು. ಅಳು ಮಾತ್ರ ಶುದ್ಧ ಇಳಕಲ್ಲಿನದು.

"ಎರಡು ವರ್ಷ ಜೊತೀಗಿದ್ದ" ಎಂದರು ನಮ್ಮವರು. ಹದಿನೆಂಟು ವರ್ಷ ಜೊತೆಗಿದ್ದವಳು ಎದುರಿಗೇ ನಿಂತಿದ್ದೆ.

ಒಂದು ವಾರ ನಾನು ಮಾತು ಕಡಿಮೆ ಮಾಡಿದೆ. ಯಾರ ಗಮನಕ್ಕೂ ಬರಲಿಲ್ಲ. ಟಿವಿ ಚೆನ್ನಾಗಿ ಕೇಳುತ್ತದೆಂದು ಶ್ರುತಿ ಖುಷಿಪಟ್ಟಳು. ಆಮೇಲೊಂದು ದಿನ ಬದನೆಕಾಯಿ ಹೆಚ್ಚುವಾಗ ಬೆರಳು ಕೊಯ್ದುಕೊಂಡೆ. ಕೊಯ್ದುಕೊಂಡದ್ದು ಬೇಕೆಂದಲ್ಲ, ಆದರೆ ಓಡಿಹೋಗಿ ಅವರಿಗೆ ತೋರಿಸಿದ್ದು ಬೇಕೆಂದೇ. ಅವರು ಅರಿಷಿಣ ಹಚ್ಚಿ, ಬಟ್ಟೆ ಕಟ್ಟಿ, ಉಳಿದ ಬದನೆಕಾಯಿಯನ್ನು ತಾವೇ ಹೆಚ್ಚಲು ಕೂತರು. ಕಣ್ಣು ಒಣಗಿಯೇ ಇತ್ತು. ನನಗೆ ತಡೆಯಲಾಗಲಿಲ್ಲ.

"ನಾ ಸತ್ರೂ ನೀವು ಅಳೂದಿಲ್ಲ ನೋಡ್ರಿ. ಆ ಚಿತ್ರದ ಮುದುಕನಷ್ಟೂ ಬ್ಯಾಡಾದ್ನೇನು ನಾ?"

ಅವರು ಚಾಕು ಕೆಳಗಿಟ್ಟರು.

"ಆಪರೇಷನ್ ದಿನ ನಿನ್ನ ಬಳಿಗೋಳ್ನ ಕಿಸೇದಾಗ ಇಟ್ಕೊಂಡು ಕುಂತಿದ್ದೆ. ಡಾಕ್ಟರು ಕರದ್ರ ಹೋಗ್ಬೇಕು, ಸಹಿ ಮಾಡ್ಬೇಕು, ನಿಮ್ಮವ್ವಗ ಧೈರ್ಯ ಹೇಳ್ಬೇಕು. ನಾನೂ ಅಳಾಕ ಕುಂತಿದ್ರ ಅದೆಲ್ಲಾ ಯಾರು ಮಾಡ್ತಿದ್ರು? ಆ ಅಜ್ಜಗ ನಾ ಏನೂ ಮಾಡಾಕ ಬರಂಗಿಲ್ಲ. ಅದಕ್ಕ ಆರಾಮ ಅಳ್ತೇನಿ." ಚಾಕು ಮತ್ತೆ ಕೈಗೆತ್ತಿಕೊಂಡು, "ಖರೆ ಹೇಳಲೇನು? ಅವತ್ತಿನ ಅಳುನೂ ಅದರಾಗ ಸೇರಿತ್ತು" ಎಂದರು.

ನನಗೆ ಒಗ್ಗರಣೆಯ ನೆಪ ಬೇಕಾಯಿತು. ಒಲೆಯ ಕಡೆ ತಿರುಗಿ ನಿಂತೆ.

ಮುಂದಿನ ರವಿವಾರ ನಾನೂ ಹೋಗಿ ಅವರಿಬ್ಬರ ನಡುವೆ ಕೂತೆ. ಮನಸ್ಸು ಹಗುರಾಗಿತ್ತು, ಸ್ವಲ್ಪ ಸಲಿಗೆಯಿಂದಲೇ ಕೇಳಿದೆ: "ಇವರೊಳಗ ನಾ ಯಾರ ಹಂಗ ಅದೀನ್ರಿ?" ಬಿಲ್ಲು ಹಿಡಿದ ರಾಜಕುಮಾರಿಯೊಬ್ಬಳಿದ್ದಳು. ನನ್ನ ಕಣ್ಣು ಆಕೆಯ ಮೇಲಿತ್ತು.

"ಅಡಗಿಯಾಕಿ ಹಂಗ" ಎಂದರು. "ಎಲ್ಲಾರ್ನೂ ಬೈತಾಳ. ಆದ್ರ ಆಕಿ ಇಲ್ದ ಒಬ್ರೂ ಒಂದ್ಹೆಜ್ಜಿ ಮುಂದ ಇಡಂಗಿಲ್ಲ. ಭಾಳ ಚಲೋ ಹೆಣ್ಮಗಳು."

ಕೊನೆಯ ಮಾತು ಹೇಳುವಾಗ ಅವರು ನೋಡುತ್ತಿದ್ದದ್ದು ಟಿವಿಯ ಕಡೆಗೆ. ಅಂಥ ಮೆತ್ತನೆಯ ದನಿ ನಾನು ಕೇಳಿರಲಿಲ್ಲ.

ಮುದುಕನ ಮೇಲಿನ ಕಿಚ್ಚು ಈಗ ಪೂರ್ತಿ ಆರಿದೆ. ಆದರೆ ಈ ಅಡುಗೆಯವಳು! ನಾನೂರು ಕಂತು ಬೆಟ್ಟ ಹತ್ತಿ ಒಲೆ ಊದಿದರೂ ಆಕೆಗೆ ಒಂದೇ ಒಂದು ಬಿಳಿ ಕೂದಲು ಬಂದಿಲ್ಲ. ನಿನ್ನೆ ಶಾಲೆಯಿಂದ ಬರುವಾಗ ಅಂಗಡಿಗೆ ಹೋಗಿ ತಲೆಗೆ ಹಚ್ಚುವ ಕಪ್ಪು ಬಣ್ಣ ತಂದೆ. ಶ್ರುತಿ ಪೊಟ್ಟಣ ನೋಡಿ, "ಯಾರ ಮದಿವಿ ಐತಿ ಅವ್ವಾ?" ಎಂದಳು.

"ಸಾಲ್ಯಾಗ ಕಾರ್ಯಕ್ರಮ ಐತಿ" ಎಂದು ಸುಳ್ಳು ಹೇಳಿ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡೆ.