ಜಂಪರಿನ ತುಂಡು ಮತ್ತು ನನ್ನ ಬಿ.ಬಿ.ಎ.

ನಲವತ್ತು ದಾಟಿದ ಮೇಲೆ ಹೆಂಗಸರಿಗೆ ಏನಾದರೊಂದು ಅಂಟಿಕೊಳ್ಳುತ್ತದೆ. ಕೆಲವರಿಗೆ ಮಂಡಿನೋವು, ಕೆಲವರಿಗೆ ಸಕ್ಕರೆ ಕಾಯಿಲೆ, ಇನ್ನು ಕೆಲವರಿಗೆ ಸೊಸೆ. ನನಗೆ ಅಂಟಿಕೊಂಡದ್ದು ಕಾಲೇಜು. ಪಿಯುಸಿ ಫಲಿತಾಂಶ ಬರುವ ಮೊದಲೇ ಮದುವೆಯಾಗಿ ಸವದತ್ತಿಗೆ ಬಂದವಳು ನಾನು. ಪಾಸಾದ ಸುದ್ದಿ ತಿಳಿದಾಗ ರೊಟ್ಟಿ ಬಡಿಯುತ್ತಿದ್ದೆ, ಕೇಳಿಕೊಂಡು ಮತ್ತೆ ರೊಟ್ಟಿಯನ್ನೇ ಬಡಿದೆ. ಮಗಳು ನರ್ಸಿಂಗ್ ಓದಲು ಹೊರಟ ವರ್ಷ ಅವಳ ಅರ್ಜಿಗಳನ್ನು ತುಂಬಿ ತುಂಬಿ ಕೈಗೆ ರೂಢಿಯಾಗಿ, ನನ್ನದೂ ಒಂದು ತುಂಬಿಬಿಟ್ಟೆ. ಊರಿನ ಕಾಲೇಜಿನವರು ಬಿ.ಬಿ.ಎ.ಗೆ ಮಕ್ಕಳು ಸಾಲದೆ ಪರದಾಡುತ್ತಿದ್ದರು. ನನ್ನ ವಯಸ್ಸು ಕೇಳಲಿಲ್ಲ, ತಲೆ ಎಣಿಸಿಕೊಂಡರು.

ನಮ್ಮ ಮನೆಯವರು ಲೇಡೀಸ್ ಟೇಲರ್. ಪೇಟೆಯಲ್ಲಿ ಎಂಟು ಅಡಿ ಅಗಲದ ಅಂಗಡಿ. ಬಾಯಲ್ಲಿ ಸದಾ ಗುಂಡುಸೂಜಿ ಇರುವುದರಿಂದ ಮಾತು ಕಡಿಮೆ. ಕಾಲೇಜಿನ ವಿಷಯ ತಿಳಿಸಿದಾಗ ಸೂಜಿಗಳನ್ನು ಒಂದೊಂದಾಗಿ ತೆಗೆದಿಟ್ಟು, "ಕಲಿ ಪಾರೂ, ಮನ್ಯಾಗ ಒಬ್ಬರರೆ ಶಾಣ್ಯಾರ ಇರಲಿ" ಎಂದರು. ನಾನು ಹಿಗ್ಗಿದೆ. ಇಪ್ಪತ್ತಮೂರು ವರ್ಷದಿಂದ ನನ್ನ ಬಗ್ಗೆ ಅವರಿಗಿದ್ದ ಅಭಿಪ್ರಾಯವೂ ಅದರಲ್ಲೇ ಇದೆ ಎನ್ನುವುದು ಮೂರು ದಿನ ಬಿಟ್ಟು ಹೊಳೆಯಿತು.

ಮೊದಲೆರಡು ವರ್ಷ ಹೇಗೋ ಕಳೆದವು. ಮೂರನೆಯ ವರ್ಷ ಬಂತು ನೋಡಿ, ಮಾಹಿತಿ ತಂತ್ರಜ್ಞಾನ ನಿರ್ವಹಣೆ! ಪಾಠ ಮಾಡುವ ಮೇಡಂ ನನಗಿಂತ ಹದಿನಾಲ್ಕು ವರ್ಷ ಚಿಕ್ಕವರು. ನಾನು ಅವರನ್ನು "ಮೇಡಂ" ಎಂದರೆ ಅವರು ನನ್ನನ್ನು "ಅಕ್ಕಾರ" ಎನ್ನುತ್ತಿದ್ದರು. ನಾಲ್ಕು ಪಾಠ ಮುಗಿಯುವಷ್ಟರಲ್ಲಿ ನನ್ನ ತಲೆ ನಿಂತಲ್ಲಿ ನಿಲ್ಲದಾಯಿತು. ಯಾವ ಮನೆ ನೋಡಿದರೂ ಅಲ್ಲಿ ವ್ಯವಸ್ಥೆಯಿಲ್ಲ ಎನ್ನಿಸತೊಡಗಿತು. ನಮ್ಮ ಅಡುಗೆಮನೆಯ ಡಬ್ಬಿಗಳಿಗೆಲ್ಲ ನಂಬರು ಅಂಟಿಸಿ, ನಂಬರಿನ ಪಟ್ಟಿಯನ್ನು ಕಳೆದುಕೊಂಡು, ಒಂದು ದಿನ ಪೂರ್ತಿ ಅರಿಷಿಣವಿಲ್ಲದ ಸಾರು ಉಂಡೆವು. ಮನೆಯವರು ತಟ್ಟೆ ನೋಡಿದರು, ನನ್ನನ್ನು ನೋಡಿದರು, ಉಂಡರು.

ಕೊನೆಯ ಸೆಮಿಸ್ಟರಿಗೆ ಪ್ರಾಜೆಕ್ಟ್. ಯಾವುದಾದರೊಂದು ನಿಜವಾದ ವ್ಯಾಪಾರದ ಮಾಹಿತಿಯನ್ನು ಕಂಪ್ಯೂಟರಿಗೆ ತಂದು, ಅದು ನಡೆಯುವುದನ್ನು ಹೊರಗಿನ ಪರೀಕ್ಷಕರಿಗೆ ತೋರಿಸಬೇಕು. ಅದರಲ್ಲಿ ಫೇಲಾದರೆ ಡಿಗ್ರಿ ಇಲ್ಲ. ಮುನವಳ್ಳಿಯ ಹುಡುಗನೊಬ್ಬ ಔಷಧಿ ಅಂಗಡಿ ಹಿಡಿದ. ಉಗರಗೋಳದ ಹುಡುಗಿ ತಮ್ಮಪ್ಪನ ಕಾಯಿ-ಕರ್ಪೂರದ ಅಂಗಡಿ ಹಿಡಿದಳು. ನಾನು ಮನೆಯವರನ್ನೇ ಹಿಡಿದೆ.

ಅವರ ಪದ್ಧತಿ ನೋಡಿ ನನಗೆ ನಗು ತಡೆಯಲಿಲ್ಲ. ಯಾರಾದರೂ ಜಂಪರಿನ, ಅಂದರೆ ರವಿಕೆಯ, ಅರಿವೆ ತಂದರೆ, ಅದರ ಅಂಚಿನಿಂದ ಬೆರಳಗಲದ ತುಂಡು ಕತ್ತರಿಸಿ ಬಿಲ್ ಬುಕ್ಕಿನ ಹಾಳೆಗೆ ಪಿನ್ನು ಹೊಡೆಯುವುದು, ಪಕ್ಕದಲ್ಲಿ ಅಳತೆ ಗೀಚುವುದು. ಅಷ್ಟೇ. ಹೆಸರು ಬರೆದರೆ ಬರೆದರು, ಇಲ್ಲದಿದ್ದರೆ ಇಲ್ಲ. "ಇದು ಯಾವ ಕಾಲದ ಪದ್ಧತಿರಿ? ಪ್ರತಿಯೊಂದಕ್ಕೂ ನಂಬರ ಇರಬೇಕು!" ಎಂದೆ. ಮಗಳ ಹಳೆಯ ಲ್ಯಾಪ್‌ಟಾಪ್ ತಂದು ಹೆಸರು, ಊರು, ನಂಬರು ತುಂಬಿದೆ. ಗಿರಾಕಿಗೆ ನಂಬರಿನ ಚೀಟಿ ಕೊಟ್ಟು, ಹೊಲಿದ ಜಂಪರುಗಳನ್ನು ನಂಬರಿನ ಚೀಲಕ್ಕೆ ಹಾಕಿದೆ. ತುಂಡು ಕತ್ತರಿಸುವುದನ್ನು ನಿಲ್ಲಿಸಿಬಿಟ್ಟೆ. ಅವರು ಕತ್ತರಿಯನ್ನು ಕೆಳಗಿಟ್ಟು, "ನೀ ಹೇಳಿದಂಗ ಆಗಲಿ" ಎಂದರು. ಅಷ್ಟು ಬೇಗ ಒಪ್ಪಿದ್ದಕ್ಕೆ ನಾನು ಆಗಲೇ ಹೆದರಬೇಕಿತ್ತು.

ಲಗ್ನದ ಸೀಜನ್ನು ಬಂತು. ಬಂದವರೆಲ್ಲ "ನಂಬರ ಚೀಟಿ ಮನ್ಯಾಗ ಉಳದೈತ್ರಿ" ಎನ್ನುವವರೇ. ಹೆಸರು ಕೇಳಿದರೆ ಮಹಾದೇವಿ. ಕಂಪ್ಯೂಟರಿನಲ್ಲಿ ಹನ್ನೊಂದು ಮಹಾದೇವಿಯರು. ಅಡ್ಡಹೆಸರು ಕೇಳಿದರೆ ಪಾಟೀಲ. ಒಂದು ದಿನ ಮುನವಳ್ಳಿಯಿಂದ ಮದುಮಗಳ ಅಣ್ಣ ಬಂದು ಹೆಸರು, ಊರು ಎಲ್ಲ ಸರಿಯಾಗಿ ಹೇಳಿದ. ನಾನು ಬೀಗುತ್ತ ಚೀಲ ಕೊಟ್ಟೆ, ಅವನು ತೆರೆದೂ ನೋಡದೆ ಒಯ್ದ. ಸಂಜೆ ಫೋನು. ಮದುಮಗಳ ತಾಯಿ ಕೂಗುತ್ತಿದ್ದರು. "ಯಕ್ಕಾ, ಏನ ಕೊಟ್ಟ ಕಳಿಸೀರಿ? ಇದರಾಗ ನಮ್ಮ ಹುಡಿಗಿ ಅಷ್ಟ ಅಲ್ಲ, ಬೀಗರೂ ಹಿಡಸ್ತಾರ! ನಾಳೆ ಮುಂಜಾನೆ ಲಗ್ನದ ಅಕ್ಕಿಕಾಳೈತ್ರಿ!"

ಅದೇ ಊರಿನ, ಅದೇ ಹೆಸರಿನ, ಮೂರು ಪಟ್ಟು ಗಾತ್ರದ ಶಾಲೆಯ ಹೆಡ್‌ಮೇಡಂ ಒಬ್ಬರಿದ್ದರು. ಅವರ ಜಂಪರು ಹೋಗಿತ್ತು. ಒಂದೇ ಹೆಸರು ಎರಡು ಸಲ ಬಿದ್ದಿದೆಯೆಂದು ಮದುಮಗಳ ನಂಬರನ್ನು ನಾನೇ ಅಳಿಸಿದ್ದೆ. ಸರಿಯಾದದ್ದನ್ನು ಹುಡುಕಲು ಅರವತ್ತಕ್ಕೂ ಹೆಚ್ಚು ಚೀಲಗಳನ್ನು ಬಿಚ್ಚಿದೆವು. ಮನೆಯವರು ಅದನ್ನು ಗಾಡಿಗೆ ಸಿಕ್ಕಿಸಿಕೊಂಡು ಮುನವಳ್ಳಿಗೆ ಓಡಿ, ಮುಟ್ಟಿಸಿ ಬಂದರು. ಬೈದಿದ್ದರೆ ನಾನೂ ಜಗಳಕ್ಕೆ ನಿಲ್ಲುತ್ತಿದ್ದೆ. ಅವರು ಕೈಕಾಲು ತೊಳೆದುಕೊಂಡು ಕುಳಿತು, "ನಿನ್ನ ಕಂಪ್ಯೂಟರಿಗೆ ಅರಿವಿ ಕಾಣಸೂದಿಲ್ಲೇನ?" ಎಂದು ಕೇಳಿದರು, ನಿಜಕ್ಕೂ ತಿಳಿಯದೆ ಕೇಳುವವರ ಹಾಗೆ.

ನನಗೆ ಅಳುವೇ ಬಂತು. ಪರೀಕ್ಷೆಗೆ ಹದಿನೈದು ದಿನ. ಮೂರು ವರ್ಷ ಮಕ್ಕಳ ಜೊತೆ ಬೆಂಚಿನ ಮೇಲೆ ಮಂಡಿ ಮಡಚಿ ಕುಳಿತದ್ದು, ಓಣಿಯವರ "ಏನ್ರಿ, ಸಾಲಿಗಿ ಹೊಂಟೀರೇನು?" ಕೇಳಿ ನಕ್ಕು ಮುಂದೆ ಹೋದದ್ದು, ಎಲ್ಲ ನೀರುಪಾಲು ಎನ್ನಿಸಿತು. ಮರುದಿನ ಕ್ಲಾಸಿಗೆ ಚಕ್ಕರ್ ಹೊಡೆದು ಅಂಗಡಿಯಲ್ಲಿ ಕುಳಿತೆ. ಇಪ್ಪತ್ತಾರು ವರ್ಷದಲ್ಲಿ ಅವರಿಗೆ ಊಟದ ಡಬ್ಬಿ ಕೊಡಲು, ಈಚೆಗೆ ನಂಬರು ಅಂಟಿಸಲು ಹೋಗಿದ್ದೆನೇ ಹೊರತು, ಅವರ ಕೆಲಸ ನೋಡಲು ಕುಳಿತದ್ದು ಅದೇ ಮೊದಲು.

ಬಂದವಳಿಗೆ ಅವರು ಹೆಸರು ಕೇಳುವುದಿಲ್ಲ, "ಯಾವ ಬಣ್ಣದ್ರೀ?" ಎನ್ನುತ್ತಾರೆ. ತನ್ನ ಫೋನ್ ನಂಬರನ್ನೇ ಮರೆತವಳು ಸೀರೆಯ ಬಣ್ಣ ಮರೆಯುವುದಿಲ್ಲ. "ಗಿಳಿಹಸರ, ಕುಂಕುಮದ ಅಂಚು" ಎನ್ನುವಷ್ಟರಲ್ಲಿ ಅವರು ಹಳೆಯ ಬುಕ್ಕಿನ ಆ ಹಾಳೆಗೆ ತಲುಪಿರುತ್ತಾರೆ. "ಅಕ್ಕ-ತಂಗೇರು ಒಂದ ಥಾನಿನ ಅರಿವಿ ತಂದರ?" ಎಂದು ಕೇಳಿದೆ. ತುಂಡುಗಳನ್ನು ತೋರಿಸಿದರು. ಅಕ್ಕನ ತುಂಡಿಗೆ ಕತ್ತರಿಯ ಒಂದು ಕಚ್ಚು, ನಡುವಿನವಳದಕ್ಕೆ ಎರಡು, ತಂಗಿಯದಕ್ಕೆ ಮೂರು. ಅಷ್ಟೇ ಕಚ್ಚು ಜಂಪರಿನ ಒಳಹೊಲಿಗೆಯಲ್ಲೂ ಇರುತ್ತವಂತೆ. ನನ್ನ ಪುಸ್ತಕ ನಾಲ್ಕು ಅಧ್ಯಾಯದಲ್ಲಿ ಹೇಳಿದ್ದನ್ನು ಈ ಮನುಷ್ಯ ಕತ್ತರಿಯಿಂದ ಹೇಳಿ ಮುಗಿಸಿದ್ದರು. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಹೆಮ್ಮೆಯಾಯಿತು.

ಹದಿಮೂರು ದಿನ ಕುಳಿತು ಎಲ್ಲ ಬದಲಿಸಿದೆ. ತುಂಡು ಮತ್ತೆ ಬುಕ್ಕಿಗೆ ಬಂತು. ಪ್ರತಿ ತುಂಡಿನ ಫೋಟೋ ಕಂಪ್ಯೂಟರಿಗೆ ಹೋಯಿತು. ಹಸಿರು ಎಂದರೆ ಹಸಿರೆಲ್ಲ ಬರಬೇಕು, ಅದರಲ್ಲಿ ಅಂಚು, ಅಂಚಿನಲ್ಲಿ ಕಚ್ಚು.

ಪರೀಕ್ಷಕರು ಸಿಡುಕು ಮೋರೆಯವರು. ಎಲ್ಲರಿಗೂ ಅವರದು ಒಂದೇ ಪ್ರಶ್ನೆ, "ಗಿರಾಕಿ ನಂಬರ ಮರತ ಬಂದರ ಏನ ಮಾಡ್ತೀರಿ?" ಔಷಧಿ ಅಂಗಡಿ ತಡವರಿಸಿತು. ಕಾಯಿ-ಕರ್ಪೂರ ಕಣ್ಣೀರು ಹಾಕಿತು. ನನ್ನ ಸರದಿ ಬಂತು. "ನಂಬರ ಮರೀಲಿ ಬಿಡ್ರಿ ಸರ್, ಬಣ್ಣ ಹೇಳ್ರಿ" ಎಂದೆ. ಅವರು ಚಕಿತರಾಗಿ, ಹೆಂಡತಿ ಹೇಳಿದ ನೆನಪಿನಿಂದಲೋ ಏನೋ, "ಬದನಿಕಾಯಿ ಬಣ್ಣ" ಎಂದರು. ಮೂರು ತುಂಡು ತೆರೆದುಕೊಂಡವು. ಒಂದೇ ಬಣ್ಣ, ಒಂದು, ಎರಡು, ಮೂರು ಕಚ್ಚು. ಅವರು ಕನ್ನಡಕ ತೆಗೆದು ಪರದೆಗೆ ಮೂಗು ತಾಗಿಸಿ ನೋಡಿದರು. "ಇದನ್ನ ಯಾವ ಪುಸ್ತಕದಾಗ ಓದೀರಿ?" "ನಮ್ಮ ಮನಿಯವರ ಬಿಲ್ ಬುಕ್ಕಿನ್ಯಾಗ್ರಿ ಸರ್." ಸಿಡುಕು ಮೋರೆ ನಕ್ಕುಬಿಟ್ಟಿತು. ಹಿಂದೆ ನಿಂತಿದ್ದ ಮೇಡಂ "ಅಕ್ಕಾರ, ಭಾರಿ!" ಎಂದು ಚಪ್ಪಾಳೆ ತಟ್ಟಿದರು.

ಫಲಿತಾಂಶ ಬಂತು. ಪ್ರಾಜೆಕ್ಟಿನಲ್ಲಿ ಇಡೀ ವಿಭಾಗಕ್ಕೆ ನಾನೇ ಮೊದಲು! ಕಾಲೇಜಿನಲ್ಲಿ ಸತ್ಕಾರ ಎಂದರು. ನಾನು ರಾಮದುರ್ಗದ ಮಗ್ಗದ ಸೀರೆ ತೆಗೆದು, ಜಂಪರಿನ ಅರಿವೆಯನ್ನು ಅಂಗಡಿಯ ಮೇಜಿನ ಮೇಲೆ ಒಗೆದು ಬಂದೆ. ಸತ್ಕಾರದ ಹಿಂದಿನ ದಿನ ಕೇಳಿದರೆ ಅರಿವೆ ಇನ್ನೂ ಅಲ್ಲೇ ಬಿದ್ದಿತ್ತು, ಮನೆಯವರು ನನ್ನ ಪ್ರಾಜೆಕ್ಟ್ ಪುಸ್ತಕವನ್ನೇ ತೆರೆದು ತೋರಿಸಿದರು. "ತುಂಡು ಅಂಟಿಸದೆ ಯಾವ ಆರ್ಡರನ್ನೂ ಸ್ವೀಕರಿಸತಕ್ಕದ್ದಲ್ಲ, ಇದಕ್ಕೆ ಯಾರೂ ಹೊರತಲ್ಲ." ಕೆಳಗೆ ನನ್ನದೇ ಸಹಿ.

ಸೆರಗನ್ನು ಎರಡೂ ಭುಜಕ್ಕೆ ಹೊದ್ದು, ಹಳೆಯ ಜಂಪರಿನಲ್ಲೇ ವೇದಿಕೆ ಹತ್ತಿ ಹಾರ ಹಾಕಿಸಿಕೊಂಡೆ. ಮೊದಲ ಸಾಲಿನಲ್ಲಿ ಕುಳಿತಿದ್ದ ಮನೆಯವರು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದರು. ಮರುದಿನ ಗಿರಾಕಿಗಳ ಸಾಲಿನಲ್ಲಿ ನಿಂತು ಅರಿವೆ ಕೊಟ್ಟೆ. ಅವರು ತುಂಡು ಕತ್ತರಿಸಿ, ಪಿನ್ನು ಹೊಡೆದು, ನನ್ನ ಮುಖವನ್ನೂ ನೋಡದೆ ಹೆಸರು ಕೇಳಿದರು. "ಪಾರ್ವತಿ. ಮುಂದ ಬಿ.ಬಿ.ಎ. ಅಂತನೂ ಬರೀರಿ" ಎಂದೆ. ದುಂಡಗಿನ ಅಕ್ಷರದಲ್ಲಿ, ಪೂರ್ತಿ, ಚುಕ್ಕೆಗಳ ಸಮೇತ ಬರೆದರು. ಆಮೇಲೆ ಬಾಯಿಯ ಸೂಜಿ ತೆಗೆದು, "ಹನ್ನೆರಡ ದಿನ ಬಿಟ್ಟ ಬರ್ರಿ ಬಾಯಾರ, ನಿಮಗಿಂತ ಮೊದಲಿನವರು ಭಾಳ ಮಂದಿ ಅದಾರ" ಎಂದರು.