ಅತ್ತೆಯ ನಾಟಕದ ಎಂ.ಎ.

ನಮ್ಮ ಅತ್ತೆ ಸತ್ತದ್ದನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಹಾವು ಕಚ್ಚಿ ಸತ್ತಿದ್ದಾಳೆ, ವಿಷ ಕುಡಿದು ಸತ್ತಿದ್ದಾಳೆ, ಬೆನ್ನಿಗೆ ಬಾಣ ನೆಟ್ಟು ಸತ್ತಿದ್ದಾಳೆ. ಒಂದು ಭಾನುವಾರವಂತೂ ತಿಂಡಿಗೂ ಊಟಕ್ಕೂ ನಡುವೆ ಬಿಡುವು ಸಿಕ್ಕಿತೆಂದು ವಿರಹದಿಂದ ಸತ್ತಳು. ಸಾಯುವ ಜಾಗ ಹೆಚ್ಚಾಗಿ ನಮ್ಮ ಅಡುಗೆಮನೆಯ ಬಾಗಿಲು. ಸತ್ತು ಸ್ವಲ್ಪ ಹೊತ್ತಾದ ಮೇಲೆ ಒಂದೇ ಕಣ್ಣು ತೆರೆದು, "ಹೆಂಗಿತ್ತು?" ಎಂದು ಕೇಳುತ್ತಿದ್ದಳು. ಮೊದಮೊದಲು ಎದೆ ಬಡಿದುಕೊಂಡು ಓಡಿಬರುತ್ತಿದ್ದ ಅಮ್ಮ ಆಮೇಲಾಮೇಲೆ, "ಚೆನ್ನಾಗಿತ್ತು. ಕಾಲು ಸ್ವಲ್ಪ ಆಚೆ ತಗೋ, ಸಾರಿನ ಪಾತ್ರೆ ಹೊರಗಿಡ್ಬೇಕು," ಎನ್ನುವ ಹಂತಕ್ಕೆ ಬಂದಿದ್ದಳು.

ಅತ್ತೆಗೆ ಯಾವ ಕಾಯಿಲೆಯೂ ಇರಲಿಲ್ಲ. ಇದ್ದದ್ದು ವಿಶ್ವವಿದ್ಯಾಲಯದ ನಾಟಕ ವಿಭಾಗದಲ್ಲಿ ಒಂದು ಎಂ.ಎ. ಸೀಟು. ಅದೂ ಐವತ್ತು ದಾಟಿದ ಮೇಲೆ.

ಅತ್ತೆ ಎಂದರೆ ನನ್ನ ಅಪ್ಪನ ಒಬ್ಬಳೇ ತಂಗಿ. ಮದುವೆಯಾಗಲಿಲ್ಲ. ಹೊಸನಗರದ ಪೇಟೆಯಲ್ಲಿ ಅವಳದೊಂದು ಟೈಲರಿಂಗ್ ಅಂಗಡಿ ಇತ್ತು. ಆ ತಾಲ್ಲೂಕಿನ ಅರ್ಧ ಹೆಂಗಸರ ಬ್ಲೌಸು ಹೊಲಿದವಳು ಅವಳು. ಉಳಿದರ್ಧ ಹೆಂಗಸರು ಇನ್ನೂ ಬಟ್ಟೆ ವಾಪಸು ಬರುವುದನ್ನು ಕಾಯುತ್ತಿದ್ದಾರೆ. ಮಿಷನ್ ತುಳಿಯುತ್ತಲೇ ಅಂಚೆ ಶಿಕ್ಷಣದಲ್ಲಿ ಪಿಯುಸಿ ಮುಗಿಸಿದಳು, ಬಿ.ಎ. ಮುಗಿಸಿದಳು. ನಾವೆಲ್ಲ ಪಾಪ, ಹೊತ್ತು ಹೋಗಬೇಕಲ್ಲ ಎಂದುಕೊಂಡಿದ್ದೆವು. ಒಂದು ದಿನ ಸಾಗರದ ನಮ್ಮ ಮನೆಗೆ ಬಂದವಳು ಕಾಫಿ ಲೋಟ ಕೆಳಗಿಟ್ಟು, "ಅಣ್ಣ, ಅಂಗಡಿ ಬಿಟ್ಟುಕೊಟ್ಟೆ. ನಾಟಕ ಓದೋಕೆ ಹೋಗ್ತೀನಿ," ಎಂದಳು.

ಅಪ್ಪ ನಿವೃತ್ತ ಹೆಡ್‌ಮಾಸ್ಟರ್. ಓದು ಎಂದರೆ ಅವರ ಮಟ್ಟಿಗೆ ಗಣಿತ, ವಿಜ್ಞಾನ, ಬಹಳವೆಂದರೆ ವ್ಯಾಕರಣ. "ನಾಟಕವನ್ನು ಓದ್ತಾರಾ?" ಎಂದರು.

"ಓದ್ತಾರೆ. ಪರೀಕ್ಷೆನೂ ಇರ್ತದೆ."

"ಈ ವಯಸ್ಸಲ್ಲಿ ಜನ ಕಾಶಿಗೆ ಹೋಗ್ತಾರೆ."

"ಅಲ್ಲಿ ಎಂಟ್ರೆನ್ಸ್ ಇಲ್ವಲ್ಲ ಅಣ್ಣ, ಯಾರನ್ನ ಬೇಕಾದ್ರೂ ತಗೊಳ್ತಾರೆ."

ಇಲ್ಲಿ ಮಾತ್ರ ಸಂದರ್ಶನವಿತ್ತು. ಅತ್ತೆಗಿಂತ ಎಷ್ಟೋ ಚಿಕ್ಕವರಾದ ಮೇಷ್ಟ್ರು ಬಹಳ ಮರ್ಯಾದೆಯಿಂದಲೇ, "ನಿಮಗೆ ಅಭಿನಯದ ಅನುಭವ ಏನಾದರೂ ಇದೆಯಾ, ಅಮ್ಮ?" ಎಂದು ಕೇಳಿದರಂತೆ. ಅತ್ತೆ, "ಇಪ್ಪತ್ತೈದು ವರ್ಷದಿಂದ 'ನಾಳೆ ಖಂಡಿತ ಕೊಡ್ತೀನಿ' ಅಂತ ಹೇಳಿ ಜನರನ್ನ ನಂಬಿಸ್ತಾ ಇದೀನಿ ಸಾರ್. ಇದು ಅಭಿನಯ ಅಲ್ದಿದ್ರೆ ಮತ್ತೆಂತ?" ಎಂದಳಂತೆ. ಸೀಟು ಕೊಡದೆ ಅವರಾದರೂ ಏನು ಮಾಡಿಯಾರು?

ಹೀಗೆ ಅತ್ತೆ ಹಾಸ್ಟೆಲ್ ಸೇರಿದಳು. ಜೊತೆಗಿದ್ದವರೆಲ್ಲ ಇಪ್ಪತ್ತೆರಡು, ಇಪ್ಪತ್ತಮೂರರ ಹುಡುಗ ಹುಡುಗಿಯರು. ಅವರು ಇವಳನ್ನು 'ಆಂಟಿ' ಎಂದರೆ ಇವಳು ಉತ್ತರವನ್ನೇ ಕೊಡುತ್ತಿರಲಿಲ್ಲ. ಕೊನೆಗೆ ಪಾಪದ ಮಕ್ಕಳು 'ಅಕ್ಕ' ಎಂಬುದಕ್ಕೆ ಒಪ್ಪಿಕೊಂಡವು. ವಾರವಿಡೀ ವಿಶ್ವವಿದ್ಯಾಲಯ ಅವಳನ್ನು ಸಹಿಸಿಕೊಳ್ಳುತ್ತಿತ್ತು. ಶುಕ್ರವಾರ ಸಂಜೆ ಶಿವಮೊಗ್ಗದಲ್ಲಿ ತಾಳಗುಪ್ಪದ ರೈಲು ಹತ್ತಿ ಸಾಗರದಲ್ಲಿ ಇಳಿದರೆ ಎರಡು ದಿನದ ಸರದಿ ನಮ್ಮದು.

ಮೊದಲು ಬಂದದ್ದು ಇಲ್ಲದ ವಸ್ತುಗಳ ಪಾಠ. ಇಲ್ಲದ ಬಾವಿಯಿಂದ ನೀರು ಸೇದಬೇಕು, ಇಲ್ಲದ ಕತ್ತಿಯಲ್ಲಿ ಇಲ್ಲದ ಹಲಸಿನ ಹಣ್ಣು ಕೊಯ್ಯಬೇಕು, ಕೈಗೆ ಅಂಟಿದ ಇಲ್ಲದ ಮೇಣವನ್ನು ಎಣ್ಣೆ ಹಚ್ಚಿ ಬಿಡಿಸಿಕೊಳ್ಳಬೇಕು. ಒಂದು ಮಧ್ಯಾಹ್ನ ಅತ್ತೆ ಜಗಲಿಯಲ್ಲಿ ಕೂತು ಇಲ್ಲದ ಸೀರೆಗಳನ್ನು ಒಂದೊಂದಾಗಿ ಕೊಡವಿ, ಅಂಚಿಗೆ ಅಂಚು ಕೂಡಿಸಿ ಮಡಚುತ್ತಿದ್ದಳು. ಹೊರಗೆ ಮಳೆ ಹನಿಯತೊಡಗಿತು. ಅಮ್ಮ ಒಳಗಿನಿಂದಲೇ ಹೇಳಿದಳು: "ನಿಜವಾದ ಬಟ್ಟೆ ಅಂಗಳದಲ್ಲಿ ನೆನೀತಾ ಇದೆ. ಅದನ್ನೂ ಸ್ವಲ್ಪ ಕಲ್ಪನೆ ಮಾಡ್ಕೊ ಮಾರಾಯ್ತಿ."

"ಅತ್ತಿಗೆ, ಈಗ ಎದ್ರೆ ಏಕಾಗ್ರತೆ ಹೋಗ್ತದೆ."

"ಬಟ್ಟೆನೂ ಹೋಗ್ತದೆ."

ಆಮೇಲೆ ಪ್ರಾಣಿಗಳ ಪಾಠ. ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ಪ್ರಾಣಿಯ ನಡೆ, ನೋಟ, ಉಸಿರಾಟವನ್ನೆಲ್ಲ ಮೈಗೂಡಿಸಿಕೊಳ್ಳಬೇಕಿತ್ತು. ಹುಡುಗರು ಹುಲಿ, ಕುದುರೆ, ಹದ್ದುಗಳನ್ನೆಲ್ಲ ಹಂಚಿಕೊಂಡು ಬಿಟ್ಟಿದ್ದರು. ಅತ್ತೆಗೆ ಸಿಕ್ಕಿದ್ದು ಎಮ್ಮೆ. ಬೇರೆಯವರಾಗಿದ್ದರೆ ಬೇಜಾರು ಮಾಡಿಕೊಳ್ಳುತ್ತಿದ್ದರು. ಅತ್ತೆ ಎಮ್ಮೆಯನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡಳೆಂದರೆ ಆ ಶನಿವಾರ ಬೆಳಿಗ್ಗೆ ಅವಳನ್ನು ತಿಂಡಿಗೆ ಕರೆದಾಗ ಅವಳು ತಿರುಗಿ ನೋಡಲು ತೆಗೆದುಕೊಂಡ ಸಮಯದಲ್ಲಿ ನನ್ನ ದೋಸೆ ಮುಗಿದಿತ್ತು.

ಅದೇ ದಿನ ಮಧ್ಯಾಹ್ನ ನನ್ನನ್ನು ನೋಡಲು ಗಂಡಿನ ಕಡೆಯವರು ಬರಬೇಕೇ? ಅವರು ಬಂದರು, ಕೂತರು, ಹುಡುಗ ನನ್ನ ಬ್ಯಾಂಕ್ ನೌಕರಿಯ ಬಗ್ಗೆ ಕೇಳಿದ. ಮೂಲೆಯ ಕುರ್ಚಿಯಲ್ಲಿ ಅತ್ತೆ ಕೂತಿದ್ದಳು. ದವಡೆ ಒಂದೇ ಸಮನೆ ಎಡಕ್ಕೂ ಬಲಕ್ಕೂ ಆಡುತ್ತಿತ್ತು. ಬಾಯಲ್ಲಿ ಏನೂ ಇರಲಿಲ್ಲ. ಕಣ್ಣು ರೆಪ್ಪೆ ಬಡಿಯದೆ ಹುಡುಗನ ತಂದೆಯ ಮೇಲೆಯೇ ನೆಟ್ಟಿತ್ತು. ಆ ಮನುಷ್ಯ ಕೂತಲ್ಲೇ ಆಚೆ ಸರಿದರು, ಈಚೆ ಸರಿದರು. ಎಲ್ಲಿಗೆ ಸರಿದರೂ ಆ ನೋಟ ನಿಧಾನಕ್ಕೆ ಹಿಂದೆಯೇ ಬರುತ್ತಿತ್ತು. ಕೊನೆಗೆ ಅವರು ಅಪ್ಪನ ಕಿವಿಯ ಹತ್ತಿರ ಬಾಗಿ, "ಇವರಿಗೆ ಎಂತ ಆಗಿದೆ?" ಎಂದು ಕೇಳಿದರು.

ಅಪ್ಪ ಸುಳ್ಳು ಹೇಳುವವರಲ್ಲ. "ಎಂ.ಎ. ಮಾಡ್ತಾ ಇದಾಳೆ," ಎಂದರು.

ಸಂಬಂಧ ಕೂಡಿಬರಲಿಲ್ಲ. ಹುಡುಗ ಮಾತಿಗೊಮ್ಮೆ ನನ್ನ ಸಂಬಳದ ಕಡೆಗೇ ಬರುತ್ತಿದ್ದುದರಿಂದ ನಾನು ಒಳಗೊಳಗೇ ಆ ಎಮ್ಮೆಗೆ ಕೈ ಮುಗಿದೆ.

ಆದರೆ ಎಮ್ಮೆಯಾದರೂ ವಾಸಿ ಎನ್ನಿಸಿದ್ದು ಅಳುವ ಪಾಠ ಬಂದಾಗ. ನಿಜವಾಗಿ ಅಳಬೇಕು, ಯಾರ ಎದುರಿಗಾದರೂ ಅಳಬೇಕು, ಅವರು ನಂಬಬೇಕು. ಇದಕ್ಕೆ ಅತ್ತೆ ಆರಿಸಿಕೊಂಡದ್ದು ತಾಳಗುಪ್ಪದ ರೈಲನ್ನು. ಕುಂಸಿ ದಾಟುತ್ತಿದ್ದಂತೆ ಸೆರಗು ಬಾಯಿಗಿಟ್ಟುಕೊಂಡು ಸಣ್ಣಗೆ ಶುರು ಮಾಡಿದಳಂತೆ. ಅರಸಾಳಿಗೆ ಬರುವಾಗ ಎದುರಿನ ಹೆಂಗಸು ಅವಳ ಕೈ ಹಿಡಿದುಕೊಂಡು ಚಕ್ಕುಲಿ ಕೊಟ್ಟರು. ಆನಂದಪುರದ ಹೊತ್ತಿಗೆ ಇಡೀ ಬೋಗಿಯೇ ಅವಳ ಸುತ್ತ ನೆರೆದಿತ್ತು. ಅತ್ತೆ ಬಾಯಿಬಿಟ್ಟು ಒಂದು ಕಥೆಯನ್ನೂ ಹೇಳಲಿಲ್ಲ. "ಎಂತ ಹೇಳ್ಲಿ?" ಎಂದಷ್ಟೇ ಹೇಳಿ ಮತ್ತೆ ಅತ್ತಳು. ಕಥೆಯನ್ನು ಜನರೇ ಕಟ್ಟಿಕೊಂಡರು. ಮನೆಯವರು ಹೊರಗೆ ಹಾಕಿದ್ದಾರೆ ಎಂದು ಒಬ್ಬರು, ಅಣ್ಣ ಆಸ್ತಿ ನುಂಗಿದ್ದಾನೆ ಎಂದು ಇನ್ನೊಬ್ಬರು.

ಅಷ್ಟಕ್ಕೇ ಮುಗಿದಿದ್ದರೆ ಪರವಾಗಿರಲಿಲ್ಲ. ಪಂಚಾಯಿತಿ ಮಾಡಿ ಅಭ್ಯಾಸವಿದ್ದ ಒಬ್ಬ ಹಿರಿಯರು ಸಾಗರದಲ್ಲಿ ಅವಳ ಜೊತೆಯಲ್ಲೇ ಇಳಿದು, ಅಣ್ಣ ಯಾರು, ಮನೆ ಎಲ್ಲಿ ಎಂದು ಕೇಳಿಕೊಂಡು, ಆಟೋದಲ್ಲಿ ಅವಳನ್ನು ಕೂರಿಸಿಕೊಂಡು ಸೀದಾ ನಮ್ಮ ಮನೆಗೇ ಬಂದರು. ಜಗಲಿಯಲ್ಲಿ ಪೇಪರ್ ಓದುತ್ತಿದ್ದ ಅಪ್ಪನ ಎದುರು ನಿಂತು, "ಅಲ್ರೀ, ಹೆಡ್‌ಮಾಸ್ಟ್ರಾಗಿದ್ದವ್ರಂತೆ ನೀವು. ಊರ ಮಕ್ಕಳಿಗೆಲ್ಲ ಬುದ್ಧಿ ಹೇಳಿದವ್ರು ಒಡಹುಟ್ಟಿದ ತಂಗೀನ ಹೀಗಾ ನೋಡ್ಕೊಳ್ಳೋದು?" ಎಂದು ಶುರು ಮಾಡಿದರು. ಅತ್ತೆ ಅವರ ಬೆನ್ನ ಹಿಂದೆ ನಿಂತು ಕೈ ಸನ್ನೆಯಲ್ಲಿ 'ಪಾಠ, ಪಾಠ' ಎಂದು ನಮಗೆ ತೋರಿಸುತ್ತಿದ್ದಳು.

ಅಪ್ಪ ಸುಮ್ಮನಿರುವವರಲ್ಲ. ಈಗ ಈ ಮನುಷ್ಯನ ಕಥೆ ಮುಗಿಯಿತು ಎಂದುಕೊಂಡು ನಾನು ಕಾದೆ. ಆದರೆ ಅಪ್ಪ ಎದ್ದು ನಿಂತು, ಕೈಕಟ್ಟಿ, ಪೂರ್ತಿ ಬೈಗುಳ ಕೇಳಿಸಿಕೊಂಡರು. ಆ ಹಿರಿಯರು ಹೊರಟಾಗ, "ನೀವು ಹೇಳಿದ್ದು ಸರಿ," ಎಂದಷ್ಟೇ ಹೇಳಿ ಒಳಗೆ ಹೋದರು. ಅತ್ತೆಯನ್ನು ಒಂದು ಮಾತೂ ಅನ್ನಲಿಲ್ಲ.

"ಅಪ್ಪನಿಗೆ ಎಂತಾಯ್ತು?" ಎಂದು ಅಮ್ಮನನ್ನು ಕೇಳಿದೆ. ಅಮ್ಮ ತೆಂಗಿನಕಾಯಿ ತುರಿಯುತ್ತ ಹೇಳಿದಳು. ಅತ್ತೆ ಹತ್ತನೇ ಕ್ಲಾಸು ಪಾಸಾದ ವರ್ಷವೇ ಅಜ್ಜಿ ಹಾಸಿಗೆ ಹಿಡಿದಳಂತೆ. ಮನೆಯಲ್ಲಿ ಒಬ್ಬರು ಇರಬೇಕಿತ್ತು. ಅಪ್ಪ ಶಿವಮೊಗ್ಗದ ಕಾಲೇಜಿಗೆ ಹೋದರು, ಅತ್ತೆ ಮನೆಯಲ್ಲಿ ಉಳಿದಳು. "ಮಾರ್ಕ್ಸ್ ಯಾರಿಗೆ ಜಾಸ್ತಿ ಬಂದಿತ್ತು ಅಂತ ಮಾತ್ರ ನಿಮ್ಮಪ್ಪನ್ನ ಕೇಳ್ಬೇಡ," ಎಂದಳು.

ಎರಡನೇ ವರ್ಷದ ಕೊನೆಗೆ ದೊಡ್ಡ ಪರೀಕ್ಷೆ ಬಂತು: ತರಗತಿಯವರೆಲ್ಲ ಸೇರಿ ಒಂದು ಪೂರ್ಣ ನಾಟಕವನ್ನು ಬೇರೆ ಊರಿನಲ್ಲಿ, ಹೊರಗಿನ ಪರೀಕ್ಷಕರ ಎದುರಿಗೆ ಆಡಬೇಕು. ಊರು ತೀರ್ಥಹಳ್ಳಿ ಎಂದಾಯಿತು. ಯಾವುದೋ ಮುಳುಗಡೆಯ ಊರಿನ ಕಥೆ, ಅದರಲ್ಲೊಬ್ಬಳು ಹಠಮಾರಿ ಜಮೀನ್ದಾರಿಣಿ. ಆ ಪಾತ್ರ ತನಗೇ ಎಂದು ಅತ್ತೆ ಸೀರೆ ಕೂಡ ಆರಿಸಿಟ್ಟಿದ್ದಳು. ವಯಸ್ಸಿಗೂ ಹೊಂದುತ್ತಿತ್ತು, ಹಠಕ್ಕೂ. ಮೇಷ್ಟ್ರು ಅದನ್ನು ಇಪ್ಪತ್ತೆರಡರ ಒಬ್ಬಳು ಹುಡುಗಿಗೆ ಕೊಟ್ಟು, ಅತ್ತೆಗೆ ಅವಳ ಮನೆಯ ಕೆಲಸದವಳ ಪಾತ್ರ ಕೊಟ್ಟರು. ಇರುವುದು ಒಂದೇ ಮಾತು: "ಅಮ್ಮಾವ್ರೇ, ಹೊಳೆ ಏರ್ತಾ ಇದೆ. ಇನ್ನು ದೋಣಿ ಬಿಡೋದಿಲ್ವಂತೆ."

ಒಂದೇ ಮಾತು ತಾನೇ ಎಂದು ನಾವು ನೆಮ್ಮದಿಯ ಉಸಿರು ಬಿಟ್ಟದ್ದು ತಪ್ಪಾಯಿತು. ಆ ಮಾತನ್ನು ಅತ್ತೆ ಭಯದಿಂದ ಹೇಳಿದಳು, ಬೇಸರದಿಂದ ಹೇಳಿದಳು, ಒಳಗೊಳಗೇ ಖುಷಿಪಡುತ್ತ ಹೇಳಿದಳು. ಹಲ್ಲುಜ್ಜುತ್ತ ಹೇಳಿದಳು. ಹಾಲಿನವನಿಗೆ ಹೇಳಿದಳು, ಅವನು ಕ್ಯಾನ್ ಕೆಳಗಿಟ್ಟು, "ಎಲ್ಲಿ?" ಎಂದು ಗಾಬರಿಯಿಂದ ರಸ್ತೆ ನೋಡಿದ. ಅಮ್ಮ, "ಆ ಹೊಳೆ ಏರಿ ಏರಿ ನನ್ನ ಒಲೆ ಕಟ್ಟೆಗೆ ಬಂತು," ಎಂದಳು. ಅಪ್ಪ ಪೇಪರಿನ ಹಿಂದಿನಿಂದ, "ಇದನ್ನ ಹೇಳೋಕೆ ಎರಡು ವರ್ಷ ಯೂನಿವರ್ಸಿಟಿ ಬೇಕಿತ್ತಾ? ಹೊಳೆಬಾಗಿಲಲ್ಲಿ ಜನರನ್ನ ಹೊಳೆ ದಾಟಿಸೋ ಲಾಂಚಿನವ್ರು ಇಷ್ಟು ವರ್ಷ ಪುಕ್ಕಟೆ ಹೇಳ್ತಿದ್ರು," ಎಂದರು.

"ಅವ್ರು ಹೇಳ್ತಿದ್ರು ಅಣ್ಣ. ನಾನು ಅನುಭವಿಸ್ತೀನಿ."

"ನಾವೂ ಅನುಭವಿಸ್ತಾ ಇದೀವಿ."

ನಾಟಕ ನೋಡಲು ಅಪ್ಪ ಬರುವುದಿಲ್ಲ ಎಂದರು. ಅಂದು ಬೆಳಿಗ್ಗೆ ನೋಡಿದರೆ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಸ್ಸಿಗೆ ನಮಗಿಂತ ಮುಂಚೆ ತಯಾರಾಗಿ ನಿಂತಿದ್ದಾರೆ. ತೀರ್ಥಹಳ್ಳಿಯಲ್ಲಿ ಹಲ್ಲಿನ ಡಾಕ್ಟರನ್ನು ನೋಡಬೇಕಂತೆ. ಸಾಗರದಲ್ಲಿ ಹಲ್ಲಿನ ಡಾಕ್ಟರಿಗೆ ಬರವೇನಿಲ್ಲ. ಅಮ್ಮ ನನ್ನ ಕಡೆ ನೋಡಿದಳು, ನಾನು ಬಸ್ಸಿನ ಕಡೆ ನೋಡಿದೆ.

ಮಧ್ಯಾಹ್ನದ ಪ್ರದರ್ಶನ. ಕಾಲೇಜಿನ ಸಭಾಂಗಣದ ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಕಟ್ಟಿ ಕತ್ತಲು ಮಾಡಿದ್ದರು. ಮುಂದಿನ ಸಾಲಿನಲ್ಲಿ ಪರೀಕ್ಷಕರು, ಮೂರನೇ ಸಾಲಿನಲ್ಲಿ ನಾವು. ಜಮೀನ್ದಾರಿಣಿ ಹುಡುಗಿ ಚೆನ್ನಾಗಿಯೇ ಮಾಡುತ್ತಿದ್ದಳು. ಅರ್ಧ ನಾಟಕ ಕಳೆದ ಮೇಲೆ ಅತ್ತೆ ಬಂದಳು, ಕೈಯಲ್ಲಿ ಲಾಟೀನು, ಕೆನ್ನೆಗೆ ವಿಪರೀತ ಬಣ್ಣ. ಬಂದು ನಿಂತಳು. ಬಾಯಿ ತೆರೆದಳು.

ಮಾತು ಬರಲಿಲ್ಲ.

"ಏನಾಯ್ತೇ?" ಎಂದಳು ಜಮೀನ್ದಾರಿಣಿ. ಅತ್ತೆ ನಿಂತೇ ಇದ್ದಳು. "ಏನಾಯ್ತು ಅಂತ ಕೇಳಿದೆ," ಎಂದು ಆ ಹುಡುಗಿ ಪಾಪ, ತಾನಾಗಿ ಇನ್ನೊಂದು ಮಾತು ಹುಟ್ಟಿಸಿದಳು. ಮುಂದಿನ ಸಾಲಿನ ಪರೀಕ್ಷಕರು ಕನ್ನಡಕ ಸರಿಮಾಡಿಕೊಂಡರು. ಅಮ್ಮ ನನ್ನ ತೋಳನ್ನು ಹಿಡಿದ ಹಿಡಿತಕ್ಕೆ ಉಗುರು ಇಳಿಯಿತು.

ಆಗ ನನ್ನ ಪಕ್ಕದ ಕುರ್ಚಿಯಿಂದ, ಮೂವತ್ತು ವರ್ಷ ತರಗತಿಯ ಕೊನೇ ಬೆಂಚಿನವರೆಗೂ ಮುಟ್ಟುತ್ತಿದ್ದ ದನಿಯಲ್ಲಿ ಅಪ್ಪ ಹೇಳಿದರು: "ಹೊಳೆ ಏರ್ತಾ ಇದೆ."

ಸಭಾಂಗಣ ಹೋ ಎಂದು ನಕ್ಕಿತು. ಅತ್ತೆ ದನಿ ಬಂದ ಕತ್ತಲಿನ ಕಡೆಗೆ ತಿರುಗಿದಳು. ನಗು ತಣ್ಣಗಾಗುವವರೆಗೂ ಹಾಗೇ ನೋಡುತ್ತ ನಿಂತಳು. ಆಮೇಲೆ ನಮ್ಮ ಮನೆಯಲ್ಲಿ ಒಮ್ಮೆಯೂ ಹೇಳಿರದಷ್ಟು ಮೆಲ್ಲಗೆ, "ಅಮ್ಮಾವ್ರೇ, ಹೊಳೆ ಏರ್ತಾ ಇದೆ. ಇನ್ನು ದೋಣಿ ಬಿಡೋದಿಲ್ವಂತೆ," ಎಂದಳು. ಯಾರೂ ನಗಲಿಲ್ಲ.

ನಾಟಕ ಮುಗಿದ ಮೇಲೆ ಪರೀಕ್ಷಕರು ಮೇಷ್ಟ್ರನ್ನು ಕರೆದು, ಆ ಪ್ರೇಕ್ಷಕ ನಡುವೆ ಮಾತಾಡಿದ್ದು ನಾಟಕದ ಭಾಗವೇ ಎಂದು ಕೇಳಿದರಂತೆ. ಮೇಷ್ಟ್ರು ರೆಪ್ಪೆ ಕೂಡ ಬಡಿಯದೆ, "ಹೌದು ಸಾರ್, ಪ್ರೇಕ್ಷಕರನ್ನು ಒಳಗೊಳ್ಳುವ ಪ್ರಯೋಗ," ಎಂದರಂತೆ. ಪರೀಕ್ಷಕರು ಬಹಳ ಮೆಚ್ಚಿಕೊಂಡರು. ಎರಡು ವರ್ಷ ಅಭಿನಯ ಕಲಿಸಿದ ಮನುಷ್ಯನಿಗೆ ಇಷ್ಟೂ ಬರದಿದ್ದರೆ ಹೇಗೆ?

ನಾವು ಹೊರಗೆ ಮರದ ಕೆಳಗೆ ಕಾಯುತ್ತಿದ್ದೆವು. ಅತ್ತೆ ಬಣ್ಣವನ್ನೂ ತೊಳೆಯದೆ ಸೀದಾ ಅಪ್ಪನ ಹತ್ತಿರ ಬಂದಳು. "ನಿನ್ನನ್ನ ಯಾರು ಬಾಯಿ ಹಾಕು ಅಂದಿದ್ರು? ನಾನು ಮರ್ತಿರ್ಲಿಲ್ಲ. ಮಾತಿಗೆ ಮುಂಚೆ ಮೌನ ಕೊಟ್ಟಿದ್ದೆ. ಅದೂ ಅಭಿನಯವೇ."

ಅಪ್ಪ ವಾದ ಮಾಡಲಿಲ್ಲ. "ನಂಗೆ ಹೆದರಿಕೆ ಆಯ್ತು, ಕೂಸೇ," ಎಂದರು. "ಇದೂ ನಿನ್ನ ಕೈತಪ್ಪಿ ಹೋಗ್ತದೇನೋ ಅಂತ."

ಅಪ್ಪ ಅವಳನ್ನು ಹಾಗೆ ಕರೆದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅತ್ತೆಯ ಕಣ್ಣಿನ ಕಾಡಿಗೆ ಕರಗಿ ಕೆನ್ನೆಯ ಕೆಂಪಿಗೆ ಇಳಿಯತೊಡಗಿತು.

ಅಪ್ಪ ಅಮ್ಮನ ಕೈಯಿಂದ ನೀರಿನ ಬಾಟಲಿ ತೆಗೆದುಕೊಂಡು, ಕರವಸ್ತ್ರದ ತುದಿ ಒದ್ದೆ ಮಾಡಿ, ಅವಳ ಮುಖ ಒರೆಸತೊಡಗಿದರು. ಅತ್ತೆ ಕಣ್ಣು ಮುಚ್ಚಿ, ಮುಖ ಮೇಲೆತ್ತಿ ಕೊಟ್ಟು, ಪೂರ್ತಿ ಮುಗಿಯುವವರೆಗೂ ಅಲ್ಲಾಡದೆ ನಿಂತಿದ್ದಳು.