ಪದುಮಿ ಅಜ್ಜಿಯ ಮೊಟ್ಟೆ ಕಲ್ಲಲ್ಲವೆಂಬ ಬಗ್ಗೆ

ನಾಹರಬಾರಿ ಪಟ್ಟಣ ಬಿಹು ಉತ್ಸವ ಸಮಿತಿ, ಸ್ಪರ್ಧಾ ವಿಭಾಗ
(ಅಕ್ಕಿ ಗಿರಣಿಯ ಮಹಡಿ)

ಸಂಖ್ಯೆ: ನಾಬಿಸ/ಮೊಟ್ಟೆ/ತಕರಾರು/4
ದಿನಾಂಕ: ಜೇಠ ಮಾಸದ ಎರಡನೇ ಸೋಮವಾರ

ವಿಷಯ: ವಸಂತದ ಬಿಹು ಹಬ್ಬದ ಮೊಟ್ಟೆ ಕಾಳಗದ ತಡೆಹಿಡಿದ ಫಲಿತಾಂಶ.

ಉಲ್ಲೇಖ: ಅಧ್ಯಕ್ಷ ಶ್ರೀ ದಂಡೇಶ್ವರ ಫುಕನ್ ಅವರು ತಮ್ಮ ಮೊಟ್ಟೆ ಒಡೆದ ಕೂಡಲೇ ಅಧ್ಯಕ್ಷರಿಗೆ ಸಲ್ಲಿಸಿದ ದೂರು.

ಕಾಳಗದಲ್ಲಿ ಶ್ರೀಮತಿ ಪದುಮಿ ಚೇತಿಯಾ (ಊರಿಗೆಲ್ಲ ಪದುಮಿ ಅಜ್ಜಿ) ಅವರ ಬಾತುಮೊಟ್ಟೆಯು ಎದುರಾದ ಮೊಟ್ಟೆಗಳನ್ನೆಲ್ಲ, ಕಡೆಗೆ ಅಧ್ಯಕ್ಷರದನ್ನೂ, ಕುಟ್ಟಿ ಒಡೆದು ತಾನು ಬಿರುಕು ಬಿಡದೆ ಉಳಿದದ್ದರಿಂದ, ಅದು ಮೊಟ್ಟೆಯಲ್ಲ, ಹೊಳೆಯ ಕಲ್ಲು ಎಂದು ಆಪಾದಿಸಲಾಗಿತ್ತು. ಆಪಾದಿತರ ಹೇಳಿಕೆ: "ಕಲ್ಲೋ ಮೊಟ್ಟೆಯೋ ನನ್ನ ಬಾತನ್ನೇ ಕೇಳೋ ದಂಡೇಶ್ವರ! ಕಳ್ಳಿ ಅನ್ನಿಸ್ಕೊಂಡು ಗೆದ್ದೋರ ಗಮೋಸಾ ಶಲ್ಯ ಹೊದೆಯೋಳಲ್ಲ ನಾನು." ಆದಕಾರಣ ಸಂಬಂಧಪಟ್ಟ ಎಲ್ಲರಿಗೂ ತಿಳಿಯಪಡಿಸುವುದೇನೆಂದರೆ:

1. ಒಡೆದು ನೋಡಿದರೆ ಗೆದ್ದ ಮೊಟ್ಟೆ ಸೋತಂತಾಗುವುದರಿಂದ, ಕಾವು ಕೊಟ್ಟು ಪರೀಕ್ಷಿಸಲು ತೀರ್ಮಾನಿಸಲಾಯಿತು. ಕಲ್ಲಿನಿಂದ ಮರಿ ಬರುವುದಿಲ್ಲವೆಂಬುದನ್ನು ಸಭೆಯು ಬಹುಮತದಿಂದ ಒಪ್ಪಿತು.

2. ಊರಿನ ಬಾತುಗಳೆಲ್ಲ ಅಜ್ಜಿಯ ಬಾತಿನ ನೆಂಟರಾದ್ದರಿಂದ ಕಾವಿಗೆ ಅನರ್ಹ. ಮೊಟ್ಟೆಯನ್ನು ಕಚೇರಿಯ ದೀಪದಡಿ ಇಡಲಾಯಿತು. ಕರೆಂಟ್ ಹೋದಾಗಲೆಲ್ಲ ಅಧ್ಯಕ್ಷರು ಅದನ್ನು ಹೊಟ್ಟೆಗೆ ಕಟ್ಟಿಕೊಂಡು ಕುಳಿತದ್ದನ್ನು ಕರ್ತವ್ಯವೆಂದು ಪರಿಗಣಿಸಲಾಗಿದೆ.

3. ಬಿಹುವಿನಲ್ಲಿ ದನ ಮೀಯಿಸುವಾಗ ಹರಸಿ ಅವುಗಳ ಮೇಲೆ ಎಸೆದು ಉಳಿದ ಬದನೆ, ಸೋರೆ ಹೋಳುಗಳನ್ನು ಅಜ್ಜಿಯ ಪರವಾಗಿ ಸಮಿತಿಯತ್ತ ಎಸೆದವರು, ಸದಸ್ಯರೂ ದನಗಳಂತೆ ವರ್ಷವರ್ಷ ಕೊಬ್ಬಲೆಂಬ ಹಾರೈಕೆ ಅದೆಂದು ತಿಳಿಸಿದ್ದು, ಹಾರೈಕೆಯನ್ನು ದಾಖಲಿಸಿಕೊಳ್ಳಲಾಗಿದೆ.

4. ಕಳೆದ ಗುರುವಾರ ವಂದನಾರ್ಪಣೆಯ ನಡುವೆ ಮೊಟ್ಟೆಯೊಡೆದು ಬಾತುಮರಿ ಹೊರಬಂದಿದೆ. ಒಳಗಿನಿಂದ ಒಡೆದ ಮೊಟ್ಟೆಯನ್ನು ಸೋತದ್ದೆಂದು ಎಣಿಸತಕ್ಕದ್ದಲ್ಲ. ಅಜ್ಜಿ ಗೆದ್ದಿರುತ್ತಾರೆ. ಅಧ್ಯಕ್ಷರು ಖುದ್ದಾಗಿ ಅವರ ಅಂಗಳಕ್ಕೆ ಹೋಗಿ, ನೆರೆಹೊರೆಯವರಿಗೆಲ್ಲ ಕೇಳುವಂತೆ ಕ್ಷಮೆ ಕೋರಿ ಗಮೋಸಾ ಹೊದಿಸಿರುತ್ತಾರೆ.

5. ಮರಿಯು ಅಧ್ಯಕ್ಷರನ್ನೇ ತಾಯಿಯೆಂದು ನಂಬಿ ಅವರ ಹಿಂದೆಯೇ ಸಭೆಗಳಿಗೆ ಹಾಜರಾಗುತ್ತಿದೆ. ಅದಕ್ಕೆ ಮತದಾನದ ಹಕ್ಕು ಇರುವುದಿಲ್ಲ, ಕೂಗಬಹುದು.

6. ಮರಿಯನ್ನು ಹಿಂದಿರುಗಿಸಲು ಅಧ್ಯಕ್ಷರು ಮೂರನೇ ಬಾರಿ ಕಾಲಾವಕಾಶ ಕೇಳಿದ ಮೇರೆಗೆ ಅಜ್ಜಿಯ ಅಂತಿಮ ಆದೇಶ ಹೀಗಿದೆ: "ನೀನೇ ಇಟ್ಕೊಳ್ಳೋ, ಬಿಟ್ಟಿರಕ್ಕಾಗಲ್ಲ ನಿಂಗೆ. ದೊಡ್ಡದಾಗಿ ಮೊಟ್ಟೆ ಇಟ್ರೆ ಮುಂದಿನ ಬಿಹುಗೆ ಅದನ್ನೇ ತಗೊಂಬಾ. ಆಗ್ಲಾದ್ರೂ ಒಂದ್ಸಲ ಗೆದ್ಕೋ!" ಸದರಿ ಆದೇಶವು ತಕ್ಷಣದಿಂದ ಜಾರಿಗೆ ಬಂದಿದೆ.

ಸಹಿ/-
ಲೀಲಾ ಕಾಕತಿ, ಕಾರ್ಯದರ್ಶಿ
ಅಧ್ಯಕ್ಷರ ಪರವಾಗಿ
(ಅಧ್ಯಕ್ಷರು ಎರೆಹುಳು ಅಗೆಯಲು ತೆರಳಿರುತ್ತಾರೆ)

ಪ್ರತಿಗಳು:
1. ಗಿರಣಿ ಬಾಗಿಲಿನ ಸೂಚನಾ ಫಲಕಕ್ಕೆ.
2. ಶ್ರೀಮತಿ ಪದುಮಿ ಚೇತಿಯಾ ಅವರಿಗೆ, ಗೌರವಪೂರ್ವಕವಾಗಿ.
3. ಅಧ್ಯಕ್ಷರ ಧರ್ಮಪತ್ನಿಯವರಿಗೆ, ಹಾಸಿಗೆಯಲ್ಲಿ ಸ್ವಲ್ಪ ಸರಿದು ಮಲಗುವಂತೆ ಕೋರಿ.